ಹತ್ತು ಅಂಕದ ಪ್ರಶ್ನೆ

ಒಂದಾನೊಂದು ಹೊಳೆಯ ದಡದಲ್ಲಿ ಇರುವೆಗಳ ಊರೊಂದಿತ್ತು. ದಡದ ಗರಿಕೆಯ ಬೇರು ಬಲು ಸಿಹಿ. ಅದನ್ನು ಕಡಿದು ತಂದು ಉಗ್ರಾಣ ತುಂಬುವುದೇ ಅಲ್ಲಿನವರ ಕಸುಬು, ಅದೇ ಅವರ ದೊಡ್ಡಸ್ತಿಕೆ. ಬೇರು ಹೋದಲ್ಲೆಲ್ಲ ಮಣ್ಣು ಸಡಿಲವಾಗಿ, ಪ್ರತಿ ಮಳೆಗಾಲಕ್ಕೂ ಹೊಳೆ ಒಂದಿಷ್ಟು ದಡವನ್ನು ನುಂಗುತ್ತಿತ್ತು. ಊರು ಕಂಡೂ ಕಾಣದಂತಿತ್ತು.

ಶಾಲೆಯ ಭೂಗೋಳದ ಟೀಚರನ್ನು ಮಾತ್ರ ಇದು ನಿದ್ದೆಗೆಡಿಸಿತ್ತು. ದಡ ಏಕೆ ಕುಸಿಯುತ್ತದೆ, ಕುಸಿಯುವ ಮುನ್ನ ಏನೇನು ಕಾಣುತ್ತದೆ, ಎಷ್ಟು ಬೇರು ಕಡಿದರೆ ಎಷ್ಟನ್ನು ಬಿಡಬೇಕು ಎಂದು ಅವಳು ಹೇಳಿಕೊಡುತ್ತಿದ್ದಳು. ಆದರೆ ಆ ಊರಿನಲ್ಲೊಂದು ಪದ್ಧತಿ. ಹೊಸ ಪಾಠ ಶುರುವಾದೊಡನೆ ಯಾರಾದರೊಬ್ಬರು ಎದ್ದು, "ಟೀಚರ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳುವುದು. ಬರುವುದಿಲ್ಲ ಎಂದರೆ ತರಗತಿಯೆಲ್ಲ ಆಕಳಿಸತೊಡಗುತ್ತಿತ್ತು.

ಟೀಚರಿಗೆ ಹಟ ಬಂತು. ಈ ಪಾಠವನ್ನು ಪರೀಕ್ಷೆಗೆ ಸೇರಿಸಿ ಎಂದು ಅಲೆದೂ ಅಲೆದೂ ಮಂತ್ರಿಯ ಮನೆಯ ಹೊಸ್ತಿಲು ಸವೆಸಿದಳು. ಊರಿನ ಉಗ್ರಾಣಗಳೆಲ್ಲ ಈ ಮಂತ್ರಿಯವೇ.

"ಪರೀಕ್ಷೇಲಿ ತಾನೆ? ಧಾರಾಳವಾಗಿ ಕೇಳಮ್ಮ," ಎಂದು ಅವನು ನಕ್ಕ. "ಹತ್ತು ಅಂಕಕ್ಕೇ ಇಟ್ಟುಬಿಡು."

ಆಕಳಿಕೆ ನಿಂತಿತು. ಮನೆಮನೆಯಲ್ಲೂ ಮಕ್ಕಳು ದಡಕುಸಿತದ ಲಕ್ಷಣಗಳನ್ನು ಉರುಹೊಡೆದರು. ದಿನವಿಡೀ ಬೇರು ಕಡಿದು ಬಂದ ಅಪ್ಪಂದಿರು ಪಾಠ ಒಪ್ಪಿಸಿಕೊಂಡರು. ಇನ್ನು ಊರು ಉಳಿಯಿತು ಎಂದು ಟೀಚರ್ ಹಿಗ್ಗಿದಳು.

ಪರೀಕ್ಷೆಯ ದಿನ ಮಳೆ ಹೊಡೆಯುತ್ತಿತ್ತು. ಮಕ್ಕಳು ತಲೆ ತಗ್ಗಿಸಿ ಬರೆದರು: ಗೋಡೆ ಒದ್ದೆಯಾಗುತ್ತದೆ, ನೆಲ ಬಿರಿಯುತ್ತದೆ, ಸೂರಿನಿಂದ ಮರಳು ಉದುರುತ್ತದೆ. ಉತ್ತರಪತ್ರಿಕೆಗಳ ಮೇಲೆ ಮರಳು ಉದುರಿತು. ಅವರು ಅದನ್ನು ಊದಿ ಮುಂದಕ್ಕೆ ಬರೆದರು.

ಕೆಂಪಿ ಎಂಬ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನೆಲ ಬಿರೀತಿದೆ."

"ಅದನ್ನೇ ಬರಿ. ಕೂತ್ಕೋ."

"ಎಲ್ಲರೂ ಹೊರಗೆ ಹೋಗೋಣ, ಟೀಚರ್."

"ಇನ್ನೂ ಅರ್ಧ ಗಂಟೆ ಇದೆ. ಎದ್ದು ಹೋದರೆ ಫೇಲು, ಗೊತ್ತಲ್ಲ?"

ಕೆಂಪಿ ಓಡಿದಳು. ಜಾಣ ಹುಡುಗಿಯ ಒಂದು ವರ್ಷ ಹಾಳಾದೀತೆಂದು ಟೀಚರ್ ಅವಳನ್ನು ದಿಬ್ಬದವರೆಗೂ ಅಟ್ಟಿಸಿಕೊಂಡು ಹೋದಳು. ರಟ್ಟೆ ಹಿಡಿದು ಹಿಂತಿರುಗಿದರೆ ಶಾಲೆಯೇ ಇರಲಿಲ್ಲ. ಮಣ್ಣುನೀರು ಸುಮ್ಮನೆ ಹರಿಯುತ್ತಿತ್ತು. ಟೀಚರ್ ಅಲ್ಲೇ ಕುಸಿದು ಕೂತು, ಒಬ್ಬೊಬ್ಬರದೇ ಹೆಸರು ಹಿಡಿದು ಕೂಗಿ ಅತ್ತಳು.

ಕೆಲವು ದಿನಗಳ ಮೇಲೆ ಸಭೆ ಸೇರಿತು. ಕೊನೆಯವರೆಗೂ ಕೂತು ಬರೆದ ಮಕ್ಕಳೆಲ್ಲ ಪ್ರಥಮ ದರ್ಜೆಯಲ್ಲಿ ಪಾಸು ಎಂದು ಮಂತ್ರಿ ಗದ್ಗದಿತನಾಗಿ ಸಾರಿದ. ಹೆತ್ತವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಟೀಚರಿಗೆ ಶಾಲು ಹೊದಿಸಿದರು. ಎದ್ದು ಹೋದವಳಿಗೆ ಮರುಪರೀಕ್ಷೆ ಎಂದಾಯಿತು. ಅದಕ್ಕೆಂದು ಉಳಿದ ದಡದ ಅಂಚಿನಲ್ಲೇ ಹೊಸ ಶಾಲೆ ಎದ್ದಿತು. ಗರಿಕೆ ಕಡಿಯಲು ಹೋಗುವವರಿಗೆ ದಾರಿಯಲ್ಲೇ ಮಕ್ಕಳನ್ನು ಬಿಡಲು ಅದು ಅನುಕೂಲ.

ಊರಿನಲ್ಲಿ ಕೆಂಪಿಗೆ 'ಫೇಲಾದವಳು' ಎಂಬ ಹೆಸರು ನಿಂತುಬಿಟ್ಟಿತು. ಅವಳ ತಾಯಿ ನಾಲ್ಕು ಜನರೆದುರು ತಲೆಯೆತ್ತುವುದನ್ನೇ ಬಿಟ್ಟಳು.

ಮರುಪರೀಕ್ಷೆಯ ಬೆಳಿಗ್ಗೆಯೂ ಮಳೆ. ಟೀಚರ್ ಬಾಗಿಲಿಗೆ ಅಡ್ಡ ನಿಂತಳು.

"ಮನೆಗೆ ಹೋಗು, ಕೆಂಪಿ. ಗೋಡೆ ಆಗಲೇ ಒದ್ದೆಯಾಗಿದೆ."

ಕೆಂಪಿ ಅವಳ ತೋಳಿನಡಿ ನುಸುಳಿ ಒಳಗೆ ಹೋದಳು. ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತು, ಹಾಳೆಯ ಅಂಚನ್ನು ಮಡಿಸಿಕೊಂಡಳು.

"ಪ್ರಶ್ನೆಪತ್ರಿಕೆ ಕೊಡಿ, ಟೀಚರ್. ಈ ಸಲ ನಾನು ಏಳಲ್ಲ."