ಗಣಿತದ ಅಣ್ಣಪ್ಪ

“ನಮ್ಮ ಅಣ್ಣಪ್ಪ ಸಾವಿರ ಮಂದಿ ಇಂಜಿನಿಯರ್‌ಗೆ ಗಣಿತಾ ಕಲಿಸ್ಯಾನ. ಅಂವ ಇಲ್ದಿದ್ರ ಈ ಸೀಮ್ಯಾಗ ಹೊಳಿ ದಾಟಾಕ ಒಂದ ಪೂಲರ ನಿಂದರತಿತ್ತೇನು?”

ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮನ ಹೆಣದ ಹಣೆಗೆ ವಿಭೂತಿ ಬಳಿಯುತ್ತ ಶಂಕ್ರವ್ವ ಹೇಳಿದಳು. ಪಕ್ಕದ ಮನೆಯ ರಾಯವ್ವ ಅವಳ ಮುಖವನ್ನೇ ನೋಡಿದಳು.

“ಹೂಂ, ಅರ್ಧಾ ಸುಳ್ಳು. ಐನೂರು ಅನ್ಕೊ,” ಶಂಕ್ರವ್ವ ತಾನೇ ತಿದ್ದಿದಳು.

ಪಡಸಾಲೆಯಲ್ಲಿದ್ದ ಹೆಂಗಸರು ನಗು ಬಂದು ಸೆರಗನ್ನು ಬಾಯಿಗೊತ್ತಿಕೊಂಡರು. ಶಂಕ್ರವ್ವ ನಗಲೂ ಇಲ್ಲ, ಅಳಲೂ ಇಲ್ಲ. ಬೆಳಗಿನಿಂದ ಮೈಗೆಲ್ಲ ಜೋಮು ಹಿಡಿದಂತಿತ್ತು. ಕೈಗಳು ಮಾತ್ರ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು.

“ಅಳವ್ವಾ, ಎದಿ ಹಗರಾಗತೈತಿ,” ಎಂದಳು ರಾಯವ್ವ.

“ಇಬ್ಬರದೂ ಕೂಡಿಸಿ ನೀನ ಅಳು. ನನಗ ಕೆಲಸ ಐತಿ.”

ಕುಣಿ ತೋಡುವ ದುರ್ಗಪ್ಪ ದಾರ ಹಿಡಿದು ಬಂದು ಸತ್ತವನ ಪಾದದ ಅಳತೆ ತೆಗೆದುಕೊಂಡ. ಹೂಳುವ ಕುಣಿ ಆ ಪಾದದ ಅಳತೆಯಲ್ಲಿ ಒಂಬತ್ತು ಪಾದ ಇರಬೇಕು.

“ನೆಟ್ಟಗ ಅಳಿಯೋ ದುರ್ಗ್ಯಾ,” ಕಟ್ಟೆಯ ಮೇಲಿಂದ ಬಸವಣ್ಣೆಪ್ಪ ಕೂಗಿದ. “ಪ್ರೊಫೆಸರ್ ಸಾಹೇಬರು ಅವರು.”

ಘೋಡಗೇರಿಯ ಬಸವಣ್ಣೆಪ್ಪ ಶಂಕ್ರವ್ವನ ಬೀಗ. ಹೆಬ್ಬೆಟ್ಟಿನ ಮನುಷ್ಯ, ಅಕ್ಷರ ಬಲ್ಲವರನ್ನು ಕಂಡರೆ ರುಮಾಲು ಸರಿ ಮಾಡಿಕೊಂಡು ಎದ್ದು ನಿಲ್ಲುವವ. ತನ್ನ ತಮ್ಮ ಹುಬ್ಬಳ್ಳಿಯಲ್ಲಿ ಪ್ರೊಫೆಸರ್ ಎಂದು ಹೇಳಿಯೇ ಶಂಕ್ರವ್ವ ಹತ್ತು ವರ್ಷದ ಹಿಂದೆ ಮಗಳನ್ನು ಆ ಮನೆಗೆ ಕೊಟ್ಟಿದ್ದಳು.

ಆಗ ಅಂಗಳದಲ್ಲಿ ಜೀಪು ನಿಂತಿತು.

“ನಾನು ಕೇದಾರಿ. ಹಿಡಕಲ್ ಡ್ಯಾಮಿನ ಇಂಜಿನಿಯರ್,” ಇಳಿದವನು ಬೂಟು ಬಿಚ್ಚುತ್ತ ಹೇಳಿದ. “ಅಣ್ಣಪ್ಪ ಇದ್ದ ಕಾಲೇಜಿನ್ಯಾಗ ಓದೇನ್ರಿ.”

ಶಂಕ್ರವ್ವನ ಕೈ ನಿಂತಿತು. ನಿಜ ಬಲ್ಲವನೊಬ್ಬ ಮನೆಗೇ ಬಂದಿದ್ದ.

ಬಸವಣ್ಣೆಪ್ಪ ಆಗಲೇ ಎದ್ದಿದ್ದ. “ನಮ್ಮ ಬೀಗರ ತಮ್ಮ ಹೆಂಗ ಕಲಿಸ್ತಿದ್ರು, ಸಾಹೇಬ್ರ?”

* * *

ಮಗಳ ಮದುವೆಯ ಕರೆ ಹೇಳಲು ಶಂಕ್ರವ್ವ ಒಮ್ಮೆ ಹುಬ್ಬಳ್ಳಿಗೆ ಹೋಗಿದ್ದಳು. ಕಾಲೇಜಿನ ವರ್ಗದ ಬಾಗಿಲಲ್ಲಿ ನಿಂತು ನೋಡಿದರೆ, ಕರಿಹಲಗೆಯ ತುಂಬ ಹೆಡೆಯೆತ್ತಿದ ಹಾವಿನಂಥ ಗೆರೆಗಳು. ಪಾಠ ಮಾಡಿದವರು ಆಗಲೇ ಹೋಗಿದ್ದರು. ಖಾಕಿ ಅಂಗಿಯ ಅಣ್ಣಪ್ಪ ಒದ್ದೆ ಅರಿವೆ ಹಿಡಿದು ನಿಂತಿದ್ದ.

“ಅಣ್ಣಪ್ಪಣ್ಣ, ಇನ್ನೂ ನಾಕ ಸಾಲು!” ಹಿಂದಿನ ಬೆಂಚಿನಿಂದ ಯಾರೋ ಅಂಗಲಾಚಿದರು.

“ಬಕೀಟಿನ್ಯಾಗ ನೀರಿಲ್ಲ. ತರ್ತೇನಿ ತಡೀರಿ,” ಎಂದು ಅಣ್ಣಪ್ಪ ಹೊರಗೆ ಬಂದ. ಬಕೀಟು ಅಕ್ಕನ ಕಾಲ ಬಳಿಯೇ ತುಂಬಿ ತುಳುಕುತ್ತಿತ್ತು.

“ನೀರ ಐತೆಲ್ಲೋ!”

“ಸುಮ್ನಿರ ಅಕ್ಕಾ. ಮಾಸ್ತರ ಕುದರಿಗತೆ ಬರೀತಾರ. ಹುಡುಗರ ಕೈ ಅಷ್ಟ ಓಡಬೇಕಲ್ಲ?”

ಒಳಗೆ ಪೆನ್ನುಗಳು ಪರಪರ ಓಡುತ್ತಿದ್ದವು.

* * *

ಕೇದಾರಿ ಶಂಕ್ರವ್ವನ ಕಡೆ ಒಮ್ಮೆ ನೋಡಿದ.

“ಕಬ್ಬಿಣದ ಸಳಿ ಕಾಸಿದ್ರ ಕಾವು ಆ ತುದಿಗೆ ಹೆಂಗ ಹರೀತೈತಿ, ನಿಂತ ನೀರು ಗ್ವಾಡಿನ ಎಷ್ಟ ಒತ್ತತೈತಿ, ಅದನ್ನೆಲ್ಲಾ ಲೆಕ್ಕಾ ಹಾಕೂ ಗಣಿತರೀ. ಎರಡ ಸಲ ನಪಾಸಾಗಿದ್ದೆ. ಅಣ್ಣಪ್ಪ ಇರದಿದ್ರ ಮೂರನೇ ಸಲಾನೂ ಅಷ್ಟ ಆಗತಿತ್ತು.”

“ಕೇಳಿದ್ರೆಲ್ಲಾ?” ಬಸವಣ್ಣೆಪ್ಪ ಸುತ್ತಲಿದ್ದವರ ಕಡೆ ಕತ್ತೆತ್ತಿ ನೋಡಿದ.

ಮಧ್ಯಾಹ್ನ ಹೊಲದ ಬದುವಿನಲ್ಲಿ ಮಣ್ಣು ಮುಗಿಯಿತು. ಕ್ರಿಯೆ ಮಾಡಿಸಿದ ಸ್ವಾಮಿಗಳು ಬಾವಿಗೆ ಸ್ನಾನಕ್ಕೆ ಹೋದರು. ಬಸವಣ್ಣೆಪ್ಪ ಬಂಡಿಯಿಂದ ಹಾಸುಗಲ್ಲೊಂದನ್ನು ಇಳಿಸಿ, ಕಿಸೆಯಿಂದ ಸೀಮೆಸುಣ್ಣ ತೆಗೆದು ಕೇದಾರಿಗೆ ಕೊಟ್ಟ.

“ಹೆಸರು ಬರೀರಿ, ಕೆಳಗ ಪ್ರೊಫೆಸರ್ ಅಂತ ಬರೀರಿ. ಕಲಕುಟಿಗ ನಾಳೆ ಅದರ ಮ್ಯಾಲೆ ಉಳಿ ಹೊಡೀತಾನ. ಖರ್ಚು ನಂದು.”

ಬಾಯಿಮಾತಾದರೆ ಗಾಳಿಗೆ ಹೋಗುತ್ತದೆ. ಕಲ್ಲಿನ ಮೇಲೆ ಕೂತ ಸುಳ್ಳು ಎಲ್ಲಿಗೆ ಹೋದೀತು? ಶಂಕ್ರವ್ವ ಮುಂದೆ ಬಂದಳು.

“ಬೀಗರ, ನಮ್ಮ ಅಣ್ಣಪ್ಪ ಪ್ರೊಫೆಸರ್ ಅಲ್ರಿ. ಬೋರ್ಡ್ ಒರಸೂ ಜವಾನ. ನಾನ ನಿಮಗ ಸುಳ್ಳ ಹೇಳಿದ್ದೆ.”

ಬಸವಣ್ಣೆಪ್ಪ ಅವಳನ್ನು ದಿಟ್ಟಿಸಿದ. ಆಮೇಲೆ ತಲೆಯಾಡಿಸಿದ.

“ಮಣ್ಣಿನ ಮುಂದ ನಿಂತೂ ಚಾಷ್ಟಿ ಬಿಡವಲ್ರೆಲ್ಲಾ, ಬೀಗತಿ! ಹತ್ತ ವರ್ಷಾತು, ನಿಮ್ಮ ಒಂದ ಮಾತು ಖರೆ ಇದ್ದದ್ದು ನಾ ಕಂಡಿಲ್ಲ. ಬರೀರಿ ಸಾಹೇಬ್ರ.”

“ಖರೇನ ಹೇಳಾಕತ್ತೇನ್ರಿ!”

“ದುಃಖದಾಗ ಅದಾರ,” ಎಂದು ಅವನು ಮುಖ ತೊಳೆಯಲು ಬಾವಿಯ ಕಡೆ ನಡೆದ.

ಶಂಕ್ರವ್ವ ಕೇದಾರಿಯನ್ನು ನೋಡಿದಳು. ಅವನು ಸೀಮೆಸುಣ್ಣ ಹಿಡಿದು ಕಲ್ಲಿನ ಮುಂದೆ ಬಂದ. ಮೊಣಕಾಲೂರಿ ಮೇಲೆ ಹೆಸರು ಬರೆದ, ತುಸು ತಡೆದ, ಕೆಳಗೆ ಇನ್ನೊಂದು ಸಾಲು ಬರೆದ. ಕೈ ಮುಗಿದು ಜೀಪಿನ ಕಡೆ ಹೋದ.

ಅವಳು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳಿಗೂ ಅಕ್ಷರ ಬರುತ್ತಿರಲಿಲ್ಲ, ಬಾಜೂಕ್ಕೆ ಬಂದು ಕೂತ ರಾಯವ್ವನಿಗೂ ಬರುತ್ತಿರಲಿಲ್ಲ. ಕೆಳಗಿನ ಸಾಲು ಕಲ್ಲಿನ ಅಂಚಿನವರೆಗೂ ಉದ್ದವಾಗಿ ಹೋಗಿತ್ತು; ಪ್ರೊಫೆಸರ್ ಎಂಬ ಒಂದು ಮಾತಿಗೆ ಅಷ್ಟುದ್ದ ಬೇಕೇ? ಶಂಕ್ರವ್ವ ಸುಣ್ಣಕ್ಕೆ ತಾಗದಂತೆ ಅದರ ಮೇಲೆ ಒಂದೊಂದೇ ಅಕ್ಷರಕ್ಕೆ ಬೆರಳು ಸರಿಸಿದಳು.

“ರಾಯವ್ವಾ, ಏನ್ ಬರದಿರಬೇಕು? ಹೇಳ ನೋಡೂಣು.”