ಪೂರ್ಣವಿರಾಮಕ್ಕೆ ನಿಲ್ಲುತ್ತಿದ್ದ ಮೇಷ್ಟ್ರು

ತಿಪ್ಪೇರುದ್ರಸ್ವಾಮಿ ಮೇಷ್ಟ್ರು ನಡೆಯುತ್ತಿದ್ದುದಕ್ಕಿಂತ ನಿಲ್ಲುತ್ತಿದ್ದುದೇ ಹೆಚ್ಚು. ಬಸ್ಸಿಳಿದು ನಮ್ಮ ಹೈಸ್ಕೂಲು ಸೇರಲು ಹತ್ತು ನಿಮಿಷ ಸಾಕು. ಅವರಿಗೆ ಮುಕ್ಕಾಲು ಗಂಟೆಯೂ ಸಾಲದು. ಗೊಬ್ಬರದ ಚೀಲದ ಮೇಲಿನ ಬರಹ, ಗೋಡೆಯ ಮೇಲೆ ಮಲೇರಿಯಾದವರು ಬರೆಸಿದ ಎರಡು ಸಾಲು, ಸೊಸೈಟಿಯ ಬಾಗಿಲಿಗೆ ಅಂಟಿಸಿದ ಪ್ರಕಟಣೆ, ಹೀಗೆ ಅಕ್ಷರವೆಂದು ಕಣ್ಣಿಗೆ ಬಿದ್ದುದರ ಮುಂದೆಲ್ಲ ಅವರು ಕಾಲೂರಿ ನಿಂತುಬಿಡುವರು. ಒಂದು ವಾಕ್ಯ ಓದಿ, ಪೂರ್ಣವಿರಾಮ ಬಂದೊಡನೆ ಕಣ್ಣು ಮುಚ್ಚಿ, ತಮಗೆ ತಾವೇ "ಅಂದ್ರೆ ಏನಾತು?" ಎಂದು ಕೇಳಿಕೊಂಡು, ಉತ್ತರ ಹೊಳೆದ ಮೇಲಷ್ಟೇ ಮುಂದಿನ ವಾಕ್ಯಕ್ಕೂ ಮುಂದಿನ ಹೆಜ್ಜೆಗೂ ಅಪ್ಪಣೆ. ಕಣ್ಣು ಮಂದವಿರಬೇಕೆಂದು ಊರವರು ಮೊದಮೊದಲು ಮರುಗಿದರು, ಆಮೇಲೆ ನಕ್ಕರು, ಕೊನೆಗೆ ಅದೂ ರೂಢಿಯಾಯಿತು.

ಜಗಳೂರಿನ ಕಡೆಯಿಂದ ಚನ್ನಗಿರಿ ತಾಲ್ಲೂಕಿನ ನಮ್ಮ ಶಾಲೆಗೆ ಅವರು ವಿಜ್ಞಾನದ ಮೇಷ್ಟ್ರಾಗಿ ಬಂದದ್ದು ಎಪ್ಪತ್ತೇಳರಲ್ಲಿ. ನಾನು ಅಲ್ಲಿ ಕನ್ನಡ ಪಂಡಿತ. ಬೇಸಿಗೆಯಲ್ಲೂ ಬಿಚ್ಚದ ಕಂದು ಬಣ್ಣದ ಕೋಟು, ಅದರ ಎಡಗಿಸೆಯಲ್ಲಿ ಸೀಮೆಸುಣ್ಣದ ಚೂರು, ಬಲಗಿಸೆಯಲ್ಲಿ ಮಡಚಿ ಮಡಚಿ ಬೆನ್ನು ಮುರಿದ ಪಠ್ಯಪುಸ್ತಕ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಆದರೆ ಯಾವ ಹುಡುಗನಾದರೂ "ತಿಳೀತು ಸಾರ್" ಎಂದನೋ, ಆ ಸೌಮ್ಯಮುಖ ತಟಕ್ಕನೆ ಬಿಗಿಯುತ್ತಿತ್ತು.

"ತಿಳೀತು ಅನ್ನಬ್ಯಾಡ. ಪುಸ್ತಕ ಮುಚ್ಚು. ನಿಮ್ಮವ್ವಗೆ ಹೆಂಗೆ ಹೇಳ್ತೀಯೋ ಹಂಗೆ ಹೇಳು."

ಇದೇ ಅವರ ಪಾಠ. ದ್ರವವು ತಾನಿರುವ ಪಾತ್ರೆಯ ಆಕಾರವನ್ನು ತಾಳುತ್ತದೆ ಎಂಬ ವಾಕ್ಯವನ್ನು ಜಂಪಣ್ಣನೆಂಬ ಹುಡುಗ ಮೂರು ದಿನ ಗಿಳಿಯಂತೆ ಒಪ್ಪಿಸಿದ. ಮೂರು ದಿನವೂ ನಿಂತೇ ಇದ್ದ. ನಾಲ್ಕನೆಯ ದಿನ ತಲೆ ಕೆರೆದುಕೊಳ್ಳುತ್ತ, "ನೀರಿಗೆ ತನ್ದು ಅಂತ ರೂಪ ಇಲ್ಲ ಸಾರ್. ಚೆಂಬಿಗೆ ಹಾಕಿದ್ರೆ ಚೆಂಬಿನಂಗೆ, ತಟ್ಟೆಗೆ ಹಾಕಿದ್ರೆ ತಟ್ಟೆಯಂಗೆ" ಎಂದ. "ಈಗ ಓದ್ದಂಗಾತು, ಕುಂದ್ರು" ಎಂದರು ಮೇಷ್ಟ್ರು. ಇಂಥ ಓದಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಪುಸ್ತಕ ಏನು ಮಾಡೆಂದಿದೆಯೋ ಅದನ್ನು ಮಾಡಬೇಕು. ನಿಲ್ಲಿಸೆಂದು ಅದು ಹೇಳುವವರೆಗೆ ಮನಸ್ಸಿಗೆ ಬಂದಲ್ಲಿ ನಿಲ್ಲಿಸಬಾರದು.

ನನ್ನ ಮೇಲೂ ಅವರಿಗೊಂದು ತಕರಾರಿತ್ತು. ಬಾಷ್ಪೀಭವನ, ಸಾಂದ್ರೀಕರಣ ಮೊದಲಾದ ಪದಗಳ ವ್ಯುತ್ಪತ್ತಿಯನ್ನು ನಾನು ಸಂಭ್ರಮದಿಂದ ಬಿಡಿಸಿ ಹೇಳುವಾಗ ಸಾವಧಾನವಾಗಿ ಕೇಳಿ, "ಪದ ಚೆಂದ ಐತ್ರಿ ಪಂಡಿತ್ರೇ. ಹುಡುಗ್ರು ಬಾಗಿಲ ಚೆಂದ ನೋಡ್ಕಂತ ಹೊರಗೇ ನಿಂತಾವೆ, ಒಳಗೆ ಕರ್ಕೊಂಡು ಹೋಗಾಕೆ ಏನಾರ ಮಾಡ್ರಿ" ಎನ್ನುವರು. ನನಗೆ ಒಳಗೊಳಗೇ ಉರಿಯುತ್ತಿತ್ತು, ಅವರು ಹೇಳುವುದು ದಿಟವಾದ್ದರಿಂದ ಇನ್ನೂ ಹೆಚ್ಚು.

ಈ ಆಮೆನಡಿಗೆಯಿಂದ ನಿಜವಾಗಿ ಕಂಗೆಟ್ಟವರು ಮುಖ್ಯೋಪಾಧ್ಯಾಯ ಮುರುಗೇಶಪ್ಪನವರು. ಎಪ್ಪತ್ತೊಂಬತ್ತರಲ್ಲಂತೂ ದಸರೆ ಬಂದರೂ ಮೂರನೆಯ ಪಾಠ ಮುಗಿದಿರಲಿಲ್ಲ. ಪಕ್ಕದ ಊರುಗಳಲ್ಲಿ ಮೇಷ್ಟ್ರುಗಳು ಪ್ರಶ್ನೋತ್ತರಗಳನ್ನು ಬರೆಸಿ, ಬಾಯಿಪಾಠ ಮಾಡಿಸಿ, ಫಲಿತಾಂಶ ತೋರಿಸಿ ಮೆರೆಯುತ್ತಿದ್ದರು. ಮುರುಗೇಶಪ್ಪನವರು ಕೆಟ್ಟವರಲ್ಲ; ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ. "ನೋಡ್ರಿ, ಬರೋ ಜನವರಿಗೆ ಇನ್‌ಸ್ಪೆಕ್ಷನ್ ಐತೆ. ಸಾಹೇಬ್ರು ನಿಮ್ಮ ಕ್ಲಾಸಿಗೆ ಬರ್ತಾರೆ. ಅವರು ಹೂಂ ಅಂದ್ರೆ ನಿಮ್ಮಿಷ್ಟದಂಗೆ ಓದಿಸ್ರಿ. ಉಹೂಂ ಅಂದ್ರೆ ಮಾರನೇ ದಿನದಿಂದ ನೋಟ್ಸ್" ಎಂದು ತೀರ್ಮಾನ ಕೊಟ್ಟರು. ಮೇಷ್ಟ್ರು ಒಪ್ಪಿದರು. ಅವರ ಪಾಲಿಗೆ ಅದೊಂದೇ ವಿದ್ಯೆ. ಅದನ್ನು ಪಣಕ್ಕಿಟ್ಟು ಬಂದು, ಏನೂ ಆಗದವರ ಹಾಗೆ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದುತ್ತ ನಿಂತರು.

ಇನ್‌ಸ್ಪೆಕ್ಷನ್ ದಿನ ಸಾಹೇಬರ ಜೊತೆ ಮುಖ್ಯೋಪಾಧ್ಯಾಯರೂ ನಾನೂ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಓದಬೇಕಾದದ್ದು ಎರಡೇ ವಾಕ್ಯ: 'ಸುಣ್ಣದ ತಿಳಿನೀರಿನಲ್ಲಿ ನಳಿಕೆಯ ಮೂಲಕ ಉಸಿರನ್ನು ಊದಿರಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುವುದು.' ಓದಿ ಮಾಡಿ ತೋರಿಸಲು ಎದ್ದವಳು ಗಾದ್ರಮ್ಮ, ಕಲ್ಲುಗಣಿ ಕೆಲಸಕ್ಕೆ ಬಂದು ನಿಂತ ಸಂಸಾರದ ಹುಡುಗಿ. ಮನೆಯಿಂದ ತಂದ ಎಲೆಸುಣ್ಣ ಒಂದು ಚಿಟಿಕೆಯಷ್ಟೇ ಇತ್ತು. ಅದನ್ನು ಕದಡಿ, ತಿಳಿ ಬಸಿದು, ಅದಕ್ಕೆ ಇನ್ನಷ್ಟು ನೀರು ಬೆರೆಸಿ ಗಾಜಿನ ಲೋಟ ತುಂಬಿಸಿದ್ದಳು. ಒಣಗಿದ ಪರಂಗಿ ಎಲೆಯ ದಂಟೇ ನಳಿಕೆ. ಅವಳು ಊದಿದಳು, ನೀರು ಬೆಳ್ಳಗಾಯಿತು. "ಭೇಷ್" ಎಂದ ಸಾಹೇಬರು ಮುರುಗೇಶಪ್ಪನವರ ಕಡೆ ತಿರುಗಿ ಹಾಜರಾತಿಯ ವಿಚಾರ ತೆಗೆದರು. ನಮ್ಮ ಮುಖ್ಯೋಪಾಧ್ಯಾಯರ ಮುಖ ಅರಳಿತು.

ಆದರೆ ಗಾದ್ರಮ್ಮ ಊದುತ್ತಲೇ ಇದ್ದಳು. ನಿಲ್ಲಿಸೆಂದು ಪುಸ್ತಕ ಹೇಳಿರಲಿಲ್ಲವಲ್ಲ! ಸಾಹೇಬರ ಮಾತು ಹಾಜರಾತಿಯಿಂದ ಕಟ್ಟಡಕ್ಕೆ, ಕಟ್ಟಡದಿಂದ ಬಾವಿಗೆ ಹರಿದು ಹತ್ತು ಹದಿನೈದು ನಿಮಿಷವಾಗಿರಬೇಕು. ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನೋಡಿದರೆ ಲೋಟದ ಹಾಲು ಹೋಗಿ, ನೀರು ಮೊದಲಿನಂತೆಯೇ ತಿಳಿಯಾಗುತ್ತಿತ್ತು.

"ಏನ್ರೀ ಇದು?" ಎಂದರು ಸಾಹೇಬರು.

ಗಾದ್ರಮ್ಮ ದಂಟು ಕಚ್ಚಿಕೊಂಡೇ ಮೇಷ್ಟ್ರನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಮುರುಗೇಶಪ್ಪನವರು ಎದ್ದು ಹೋಗಿ ಮೇಷ್ಟ್ರ ಕಿವಿಯ ಬಳಿ ತಗ್ಗಿದ ದನಿಯಲ್ಲಿ, "ಹುಡುಗಿ ತಪ್ಪು ಮಾಡ್ಯಾಳೆ ಅಂದ್ಬಿಡ್ರಿ, ಮುಗೀತು" ಎಂದದ್ದು ನನಗೂ ಕೇಳಿಸಿತು. ಅಷ್ಟು ಅಂದಿದ್ದರೆ ಮುಗಿಯುತ್ತಲೂ ಇತ್ತು. ಮೇಷ್ಟ್ರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತುಟಿ ಅಲುಗಿತು. ಏನು ಕೇಳಿಕೊಂಡರೆಂದು ನಲವತ್ತು ಮಕ್ಕಳಿಗೂ ಗೊತ್ತಿತ್ತು. ಲೋಟವನ್ನು ಮೇಜಿನ ಮೇಲಿಟ್ಟು ಸಾಹೇಬರ ಕಡೆ ತಿರುಗಿದರು.

"ಹುಡುಗಿ ಪುಸ್ತಕ ಹೇಳಿದಂಗೇ ಮಾಡ್ಯಾಳೆ ಸಾರ್. ಯಾವಾಗ ನಿಲ್ಲಿಸ್ಬೇಕು ಅಂತ ಅದ್ರಾಗೆ ಇಲ್ಲ. ತಿಳಿ ಯಾಕಾತು ಅಂತ ನನಗೆ ಗೊತ್ತಿಲ್ಲ."

"ವಿಜ್ಞಾನದ ಮೇಷ್ಟ್ರೇ ಗೊತ್ತಿಲ್ಲ ಅಂದ್ರೆ ಹೇಗ್ರೀ?"

"ಗೊತ್ತಿಲ್ಲ ಸಾರ್. ತಿಳ್ಕೊಂಡು ಹೇಳ್ತೀನಿ."

ಸಾಹೇಬರು ಶಾಲೆಯ ಪುಸ್ತಕದಲ್ಲಿ ಷರಾ ಬರೆದು ಹೋದರು: ಬೋಧನೆ ಅತಿ ನಿಧಾನ, ವಿಷಯಜ್ಞಾನ ಸಾಲದು, ಟಿಪ್ಪಣಿ ಬರೆಸತಕ್ಕದ್ದು. ಆ ಹುಡುಗಿಯ ಹಾಗೆ ಓದಬಲ್ಲವರು ಇಡೀ ತಾಲ್ಲೂಕಿನಲ್ಲಿ ಇಲ್ಲವೆಂದು ನಾನಾದರೂ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಕನ್ನಡದಲ್ಲಿ ಅಷ್ಟೊಂದು ಪದ ಬಲ್ಲವನಿಗೆ ಅವತ್ತು ಬಾಯಿ ಕಟ್ಟಿತ್ತು. ನೆನೆದರೆ ಇಂದಿಗೂ ನಾಚಿಕೆ.

ಮಾರನೆಯ ದಿನದಿಂದ ಮೇಷ್ಟ್ರು ನೋಟ್ಸ್ ಬರೆಸಿದರು. ಕೊಟ್ಟ ಮಾತು ತಪ್ಪುವವರಲ್ಲ ಅವರು. ಎರಡು ವಾರ ಕಳೆದ ಮೇಲೆ, ದಾವಣಗೆರೆಯ ಕಾಲೇಜಿನ ಪ್ರೊಫೆಸರೊಬ್ಬರಿಗೆ ಅವರು ಬರೆದಿದ್ದ ಪತ್ರಕ್ಕೆ ಕಾರ್ಡಿನಲ್ಲಿ ಉತ್ತರ ಬಂತು: ನೀರನ್ನು ಬಿಳಿಯಾಗಿಸಿದ ಪದಾರ್ಥವು ಮತ್ತಷ್ಟು ಊದಿದಾಗ ಬೇರೊಂದಾಗಿ ಮಾರ್ಪಟ್ಟು ನೀರಿನಲ್ಲಿ ಕರಗಿಹೋಗುತ್ತದೆ. ಪಕ್ಕದ ತರಗತಿಯಲ್ಲಿದ್ದ ನನಗೆ ಅವರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಕಾರ್ಡನ್ನು ಎರಡು ಸಲ ಓದಿ ಹೇಳಿದರು. "ಇದು ನನಗೆ ಗೊತ್ತಿರ್ಲಿಲ್ಲ. ಗಾದ್ರಮ್ಮ ಸರಿಯಾಗಿ ಓದಿದ್ಲು, ಅದಕ್ಕೆ ನನಗೂ ಗೊತ್ತಾತು" ಎಂದರು. ಆಮೇಲೆ, "ಬರ್ಕೊಳ್ರಿ" ಎಂದು ನೋಟ್ಸಿಗೆ ಇಳಿದರು. ಎಂಬತ್ತೆರಡರಲ್ಲಿ ನ್ಯಾಮತಿಗೆ ವರ್ಗವಾಗಿ ಹೋದರು.

ಓದಲು ಕಲಿಸುವುದು ಸುಖದ ಕಸುಬಲ್ಲ. ಬಾಯಿಪಾಠ ಮಾಡಿಸಿದವರಿಗೆ ಭಯವಿಲ್ಲ. ಅವರ ಮಕ್ಕಳು ಗುರುಗಳು ನಿಂತಲ್ಲೇ ನಿಲ್ಲುತ್ತಾರೆ. ನಿಜವಾಗಿ ಓದಿಸಿದವರ ಮಕ್ಕಳು ಒಂದಲ್ಲ ಒಂದು ದಿನ, ಗುರುವಿಗೆ ತಿಳಿದದ್ದು ಮುಗಿದ ಜಾಗವನ್ನು ನಾಲ್ಕು ಜನರ ಎದುರಿಗೇ ದಾಟುತ್ತಾರೆ. ವಿದ್ಯೆ ಫಲಿಸುವ ದಿನವೂ ಮಾನ ಹೋಗುವ ದಿನವೂ ಅಂಥವರಿಗೆ ಒಂದೇ. ಆ ದಿನ ತಪ್ಪನ್ನು ಮಗುವಿನ ತಲೆಗೆ ಕಟ್ಟದೆ ಉಳಿದವರನ್ನು ಮಾತ್ರ ಮೇಷ್ಟ್ರು ಎನ್ನಬೇಕು.