ಹೋಪ ಬಪ್ಪ ಹಾದಿ

ವಾರಿಜಾಕ್ಷಿಗೆ ಸಿಟ್ಟು ಬಂದದ್ದು ಬೇಲಿ ಕಂಡು ಅಲ್ಲ. ಬೇಲಿ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಅವಳ ಮೈ ಉರಿದದ್ದು ಬೇಲಿಯ ಗೂಟಕ್ಕೆ ತೂಗುಹಾಕಿದ್ದ ಹಲಗೆಯನ್ನು ಓದಿದಾಗ. ‘ಇದು ಶ್ರೀ ಬಪ್ಪಯ್ಯನವರ ವಂಶಸ್ಥರ ಸ್ವಂತ ಹಾದಿ. ಅನ್ಯರಿಗೆ ಪ್ರವೇಶವಿಲ್ಲ.’

ಬಪ್ಪಯ್ಯನಂತೆ! ಅಂಥ ಒಬ್ಬ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅವನನ್ನು ಹುಟ್ಟಿಸಿದವರು ಮದರಾಸಿನಲ್ಲಿ ಕುಳಿತ ಅವಳ ಪ್ರಾಧ್ಯಾಪಕರು. ಅದೂ ಹೋದ ವರ್ಷ, ಸಾವಿರದ ಒಂಬೈನೂರ ನಲವತ್ತೈದರಲ್ಲಿ.

ಸಾಲಿಗ್ರಾಮದ ಈ ಹುಡುಗಿ ಕುಂದಾಪುರದಲ್ಲಿ ಹೈಸ್ಕೂಲು, ಮಂಗಳೂರಿನಲ್ಲಿ ಇಂಟರ್ ಮುಗಿಸಿ ಮದರಾಸಿಗೆ ಹೋಗಿ ಚರಿತ್ರೆಯನ್ನೇ ಹಿಡಿದಿದ್ದಳು. ಗಂಡು ನೋಡುವ ವಯಸ್ಸಿನಲ್ಲಿ ಸತ್ತ ರಾಜರ ಹಿಂದೆ ಬಿದ್ದಳೆಂದು ನೆಂಟರೆಲ್ಲ ಆಡಿಕೊಂಡರು. ನಿಜ ಹೇಳಬೇಕೆಂದರೆ ರಾಜರ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಯಾವ ಊರಿನವರು ಯಾವ ಕೆರೆಯ ನೀರನ್ನು ಹೇಗೆ ಹಂಚಿಕೊಂಡರು, ದೇವರ ದೀಪಕ್ಕೆ ಎಣ್ಣೆ ಯಾರು ಕೊಟ್ಟರು, ಇಂಥದನ್ನು ಹೇಳುವ ಕಲ್ಲು ಸಿಕ್ಕರೆ ಅವಳಿಗೆ ಊಟ ಬೇಡ. ರಜೆ ಬಂತೆಂದರೆ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಕುಂಭಾಶಿ, ಬಿಜೂರು, ಬೈಂದೂರು ಎಂದು ಅಲೆಯುವಳು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರ ಎಬ್ಬಿಸುವಳು. ಗದ್ದೆಬದಿಯ ಹೆಂಗಸರು ಅವಳಿಗೆ ‘ಕಲ್ಲ್ ಒರ್ಸು ಅಮ್ಮ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳಿಗೆ ಇಷ್ಟವಾಗಿತ್ತು.

ತಲ್ಲೂರಿನ ಆಚೆ, ಹೊಳೆಬದಿಯ ದೇವಸ್ಥಾನದ ಎದುರಿಗಿದ್ದ ಕಲ್ಲೂ ಹಾಗೆ ಸಿಕ್ಕಿದ್ದೇ. ಓದಲು ಬರುವಂತೆ ಉಳಿದದ್ದು ಒಂದೇ ಸಾಲು: ‘ಹೊಳೆಗೆ ಹೋಪ ಬಪ್ಪ ಹಾದಿಯ ಬಿಟ್ಟರು.’ ಹೊಳೆಗೆ ಹೋಗಿ ಬರುವ ಹಾದಿಯನ್ನು ಬಿಟ್ಟುಕೊಟ್ಟರು, ಇಷ್ಟೇ ಅರ್ಥ. ಕುಂದಾಪುರದ ಸೀಮೆಯಲ್ಲಿ ತೊಟ್ಟಿಲ ಮಗುವಿಗೂ ತಿಳಿಯುವ ಮಾತು. ಆದರೆ ಪ್ರಾಧ್ಯಾಪಕರು ಘಟ್ಟ ಇಳಿದವರಲ್ಲ. ಅವಳು ಕಳಿಸಿದ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿ, ಹೋಪ ಮತ್ತು ಬಪ್ಪ ಎಂಬ ಅಣ್ಣತಮ್ಮಂದಿರು ಹೊಳೆಯ ಹಾದಿಯನ್ನು ದೇವಸ್ಥಾನಕ್ಕೆ ದಾನ ಕೊಟ್ಟರೆಂದು ಲೇಖನ ಬರೆದು ಅಚ್ಚು ಹಾಕಿಸಿಯೇಬಿಟ್ಟರು.

“ಸರ್, ಅವು ಹೆಸರುಗಳಲ್ಲ. ನಮ್ಮಲ್ಲಿ ಈಗಲೂ ಹಾಗೇ ಮಾತಾಡುತ್ತಾರೆ” ಎಂದು ಅವಳು ಹೇಳಿದ್ದಳು.

“ಮೀನುಗಾರರ ಆಡುಮಾತು ಶಾಸನಕ್ಕೆ ಸಾಕ್ಷಿಯಲ್ಲಮ್ಮ. ಬಿಟ್ಟರು ಎಂಬ ಬಹುವಚನ ನಿನಗೆ ಕಾಣುವುದಿಲ್ಲವೇ?” ಎಂದು ಅವರು ನಕ್ಕಿದ್ದರು. ಮೊದಲ ವರ್ಷ ಹಾಸ್ಟೆಲಿನಲ್ಲಿ ಅವಳ ‘ಬಪ್ಪುದು ಹೋಪುದು’ ಕೇಳಿ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಾಗಲೂ ಇದೇ ಪ್ರಾಧ್ಯಾಪಕರು, ಊರ ಭಾಷೆಯನ್ನು ಊರಲ್ಲೇ ಬಿಟ್ಟು ಬಾ ಎಂದು ಬುದ್ಧಿ ಹೇಳಿದ್ದರು. ಅವಳು ಬಿಟ್ಟೂ ಬಿಟ್ಟಿದ್ದಳು. ನಾಲಿಗೆ ಹೊರಳಿಸಿ ‘ಬರುತ್ತೇನೆ, ಹೋಗುತ್ತೇನೆ’ ಕಲಿತಿದ್ದಳು.

ಅಚ್ಚಾದ ಆ ಲೇಖನ ಹೇಗೋ ದೇವಸ್ಥಾನದ ಮೊಕ್ತೇಸರ ಗಣಪಯ್ಯನವರ ಕೈಸೇರಿತು. ದೇವರ ಮುಂದೆ ಮೀನಿನ ಬುಟ್ಟಿ ಹಾಯುತ್ತದೆಂದು ಅವರಿಗೆ ಬಹಳ ಕಾಲದಿಂದ ಹೊಟ್ಟೆಯಲ್ಲಿ ಸಂಕಟ. ಬಪ್ಪ ಒಂದೇ ದಿನದಲ್ಲಿ ಬಪ್ಪಯ್ಯನಾಗಿ ಅವರ ಮನೆತನದ ಮೂಲಪುರುಷನಾದ. ಅಣ್ಣ ಹೋಪನಿಗೆ ಮಕ್ಕಳಿರಲಿಲ್ಲವಂತೆ. ಅದನ್ನೂ ಗಣಪಯ್ಯನವರೇ ಹೇಳಿದರು. ದಾನ ಕೊಟ್ಟ ಹಾದಿ ಕೊಟ್ಟವರ ವಂಶಕ್ಕೇ ಸೇರಿದ್ದೆಂದು ಬೇಲಿಯನ್ನೂ ಹಾಕಿಸಿದರು.

ಬೇಲಿ ಎದ್ದದ್ದೇ ಮೀನು ಮಾರುವ ಬೆಳ್ಳಿ ಮತ್ತು ಅವಳ ಜೊತೆಯ ಹೆಂಗಸರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಅವರು ಮೀನು ಹೊತ್ತು ಆ ಹಾದಿಯಲ್ಲೇ ಹೊಳೆಯ ಕಡವಿಗೆ ಹೋಗಿ, ದೋಣಿ ಹಿಡಿದು, ಕುಂದಾಪುರದ ಪೇಟೆಗೆ ದಾಟಬೇಕು.

“ಗದ್ದಿ ಸುತ್ಕಂಡ್ ಹೋಪತಿಗೆ ದೋಣಿ ಹೋಯಿರತ್ತ್ ಅಮ್ಮ. ಮತ್ತೆ ಮೀನ್ ಯಾರಿಗ್ ಮಾರುದ್, ಕಾಕಿಗಾ?” ಎಂದು ಬೆಳ್ಳಿ ಕೇಳಿದಳು. ತಾನು ಮಸಿ ಒತ್ತಿ ಎಬ್ಬಿಸಿದ ಅಕ್ಷರವೇ ಈ ಹೆಂಗಸರಿಗೆ ಮುಳ್ಳಾಯಿತಲ್ಲ ಎಂದು ವಾರಿಜಾಕ್ಷಿ ಹಿರಿಯರ ಮನೆಮನೆಗೆ ಹೋಗಿ ಪಂಚಾಯಿತಿ ಸೇರಿಸಲು ಕೇಳಿಕೊಂಡಳು.

ಊರಿನ ಹಿರಿಯರು ದೇವಸ್ಥಾನದ ಚಾವಡಿಯಲ್ಲಿ ಸೇರಿದರು. ಮೀನಿನ ಹೆಂಗಸರು ಹೊರಗೆ, ಹೆಬ್ಬಾಗಿಲಲ್ಲಿ ಬುಟ್ಟಿ ಇಳಿಸಿ ನಿಂತರು. ಗಣಪಯ್ಯನವರು ಲೇಖನವನ್ನು ಎತ್ತಿ ಹಿಡಿದರು.

“ಕಾಣಿ, ಮದ್ರಾಸಗ್ ಪ್ರಿಂಟ್ ಆಯಿತ್ತ್. ಬರದ್ದ್ ಇವ್ಳ್ ಮೇಷ್ಟ್ರೇ. ಮೇಷ್ಟ್ರಿಗಿಂತ ಈ ಹೆಣ್ಣಿಗ್ ಹೆಚ್ಚ್ ಗೊತ್ತಿತ್ತಾ?”

ವಾರಿಜಾಕ್ಷಿ ಎದ್ದು ನಿಂತಳು. “ಹೋಪ, ಬಪ್ಪ ಎಂಬಿವು ನಾಮಪದಗಳಲ್ಲ, ಕೃದಂತಗಳು. ಹಳಗನ್ನಡದ ರೂಪಗಳು ಕರಾವಳಿಯಲ್ಲಿ ಇಂದಿಗೂ ಪ್ರಚಲಿತವಾಗಿರುವುದನ್ನು ಪರಿಗಣಿಸಿದರೆ...” ಎಂದು ಮದರಾಸಿನ ಕನ್ನಡದಲ್ಲಿ ವಾದ ಹೂಡಿದಳು. ಒಬ್ಬರು ಆಕಳಿಸಿದರು. ಇನ್ನೊಬ್ಬರು ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು. ಅವಳ ಮಾತು ಮುಗಿಯುವ ಮೊದಲೇ ಊಟದ ಹೊತ್ತಾಯಿತೆಂದು ಗಣಪಯ್ಯನವರು ಎದ್ದರು, ಎಲ್ಲರೂ ಎದ್ದರು. ಬಾಗಿಲಿಗೆ ಬಂದರೆ ಬೆಳ್ಳಿಯ ಗುಂಪು ಅಡ್ಡ.

“ಹ್ವಾಯ್! ಎಂತ ಇದ್?” ಗಣಪಯ್ಯನವರು ಗದರಿದರು. “ಹೋಪ ಬಪ್ಪ ಹಾದಿಗ್ ಅಡ್ಡ ನಿಂತದ್ದಾ? ಬದಿಗ್ ಹೋಯ್ನಿ!”

ವರ್ಷಗಟ್ಟಲೆ ಕಟ್ಟಿಹಾಕಿದ್ದ ವಾರಿಜಾಕ್ಷಿಯ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

“ಗಣಪಯ್ಯನೋರೆ, ಈಗ ನೀವ್ ಯಾರ್ ಹೆಸ್ರ್ ಹೇಳದ್ದ್? ಹೋಪ ಅಂದ್ರ್ ಯಾರ್? ಬಪ್ಪ ಅಂದ್ರ್ ಯಾರ್? ನಿಮ್ಮ್ ಅಜ್ಜನೇ ಬಾಗ್ಲಗೆ ಅಡ್ಡ ನಿಂತಿರಾ?”

ಮೊದಲು ನಕ್ಕವಳು ಬೆಳ್ಳಿ. ಆಮೇಲೆ ಹೆಂಗಸರೆಲ್ಲ ನಕ್ಕರು. ಕವಳ ಹಾಕುತ್ತಿದ್ದ ಹಿರಿಯ ದೇವಪ್ಪನವರೂ ಶಲ್ಯ ಬಾಯಿಗೆ ಒತ್ತಿಕೊಂಡರು.

ಗಣಪಯ್ಯನವರ ಮುಖ ಕೆಂಪಾಯಿತು, ಆದರೆ ನಾಚಿಕೆಯಿಂದಲ್ಲ. “ಅದ್ ಬಾಯ್ಮಾತ್. ಇದ್ ಪ್ರಿಂಟ್” ಎಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗೂ ಅರ್ಥವಾಗಿತ್ತು. ಅರ್ಥವಾಗದವರು ಅಲ್ಲಿ ಒಬ್ಬರೂ ಇರಲಿಲ್ಲ. ಆದರೂ ದೇವಪ್ಪನವರು ಕೆಮ್ಮಿ, “ಮಳಿಗಾಲ ಕಳೀಲಿ, ಮತ್ತೆ ಕಾಂಬ” ಎಂದರು.

ಮತ್ತೆ ಕಾಂಬ! ಮೀನು ಮಳೆಗಾಲ ಕಳೆಯುವವರೆಗೆ ಬುಟ್ಟಿಯಲ್ಲಿ ಕುಳಿತು ಕಾಯುತ್ತದೆಯೇ? ಗೊತ್ತಿಲ್ಲದವರ ತಪ್ಪನ್ನು ತಿದ್ದಬಹುದು. ಗೊತ್ತಿದ್ದೂ ಊಟಕ್ಕೆ ಹೊರಟವರನ್ನು ಏನು ಮಾಡುವುದು? ವಾರಿಜಾಕ್ಷಿ ಯಾರನ್ನೂ ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಬೇಲಿಗೆ ಹೋದವಳೇ ಮುಳ್ಳಿನ ಕೊಂಬೆಗೆ ಕೈ ಹಾಕಿ ಎಳೆದಳು. ಅಂಗೈ ಹರಿದು ರಕ್ತ ಬಂತು. ಬೆಳ್ಳಿ ಓಡಿ ಬಂದು ಇನ್ನೊಂದು ತುದಿ ಹಿಡಿದಳು. ಬಪ್ಪಯ್ಯನ ಹಲಗೆ ಮಗುಚಿ ಕೆಸರಿಗೆ ಬಿತ್ತು.

“ನಿನ್ನ್ ಮೇಷ್ಟ್ರಿಗ್ ಕಾಗ್ದ ಬರೀತೆ! ನಿಂಗ್ ಡಿಗ್ರಿ ಹ್ಯಾಂಗ್ ಸಿಕ್ಕತ್ತ್ ಕಾಂಬ!” ಗಣಪಯ್ಯನವರು ಮೆಟ್ಟಿಲ ಮೇಲಿಂದ ಕೂಗಿದರು. “ಈಗ ಎಲ್ಲಿಗ್ ಹೋಪುದ್ ನೀನ್?”

ಹೆಂಗಸರು ಬುಟ್ಟಿ ತಲೆಗೇರಿಸಿಕೊಂಡು ಆಗಲೇ ಬೇಲಿ ದಾಟಿದ್ದರು. ವಾರಿಜಾಕ್ಷಿ ಒಮ್ಮೆ ಹಿಂದಿರುಗಿ ನೋಡಿದಳು.

“ಹೊಳಿಗೆ” ಎಂದಳು. “ಹೋಯ್ ಬತ್ತೆ.”